ಕರೆಂಟ್ ಕೊಡುವುದು ಕಾಲಿಗಲ್ಲ, ರಕ್ತಕ್ಕೆ

ಸಕ್ಕರೆ ಕಾಯಿಲೆಯ ಕಾಲು ಹುಣ್ಣು ವಾಸಿಯಾಗದೆ ಬರುವವರಲ್ಲಿ ಕೆಲವರು ಕೇಳುತ್ತಾರೆ: "ಡಾಕ್ಟ್ರೇ, ಕರೆಂಟ್ ಕೊಟ್ಟು ಗಾಯ ಮಾಯಿಸ್ತಾರಂತೆ, ಹೌದಾ?" ಸುದ್ದಿ ಪೂರ್ತಿ ಸುಳ್ಳಲ್ಲ. ಆದರೆ ನಾನಿಲ್ಲಿ ಹೇಳುವ ವಿಧಾನದಲ್ಲಿ ಕರೆಂಟ್ ಕೊಡುವುದು ಕಾಲಿಗಲ್ಲ. ಮೈಯಿಂದ ತೆಗೆದ ರಕ್ತಕ್ಕೆ, ಅದೂ ಒಂದು ಪುಟ್ಟ ಪಾತ್ರೆಯೊಳಗೆ.

ಪ್ಲೇಟ್‌ಲೆಟ್ ಅಂದರೆ ನಮಗೆಲ್ಲ ಡೆಂಗಿ ನೆನಪಾಗುತ್ತದೆ, ಅಲ್ವಾ? ಕೌಂಟ್ ಒಂದೂವರೆ ಲಕ್ಷಕ್ಕಿಂತ ಕೆಳಗಿಳಿದರೆ ಮನೆಮಂದಿಗೆಲ್ಲ ಗಾಬರಿ. ರಕ್ತ ಹೆಪ್ಪುಗಟ್ಟಿಸುವುದರ ಜೊತೆಗೆ ಪ್ಲೇಟ್‌ಲೆಟ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅದರ ಒಳಗೆ ಸಣ್ಣ ಸಣ್ಣ ಚೀಲಗಳಿವೆ. ಗಾಯವಾದಾಗ ಅವು ಒಡೆದು, ದುರಸ್ತಿಗೆ ಬೇಕಾದ ಪ್ರೋಟೀನುಗಳನ್ನು ಹೊರಗೆ ಬಿಡುತ್ತವೆ. ಅವುಗಳಲ್ಲಿ ಪಿಡಿಜಿಎಫ್ ಎಂಬುದು ಹೊಸ ಮಾಂಸ ಕಟ್ಟುವ ಜೀವಕೋಶಗಳನ್ನು ಗಾಯದ ಕಡೆಗೆ ಸೆಳೆಯುತ್ತದೆ. ವಿಇಜಿಎಫ್ ಎಂಬುದು ಹೊಸ ರಕ್ತನಾಳ ಚಿಗುರುವಂತೆ ಮಾಡುತ್ತದೆ.

ಪಿಆರ್‌ಪಿ, ಅಂದರೆ ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾ ಬಳಸುವ ಚಿಕಿತ್ಸೆ ನಿಂತಿರುವುದು ಇದರ ಮೇಲೆಯೇ. ರೋಗಿಯ ರಕ್ತವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಕೆಂಪು ಕಣಗಳು ತಳಕ್ಕಿಳಿಯುತ್ತವೆ. ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ಬೇರೆ ತೆಗೆಯುತ್ತೇವೆ. ಅದು ಜೆಲ್ ಆಗಿ ಗಾಯದ ಮೇಲೆ ಕೂರಬೇಕಾದರೆ ಪ್ಲೇಟ್‌ಲೆಟ್‌ಗಳನ್ನು ಎಬ್ಬಿಸಬೇಕು, ಅಂದರೆ ಕೆಲಸಕ್ಕೆ ಹಚ್ಚಬೇಕು. ಅದಕ್ಕೆ ಬಹಳ ಕಾಲ ಬಳಸಿದ್ದು ಹಸುವಿನ ರಕ್ತದಿಂದ ತೆಗೆದ ಥ್ರಾಂಬಿನ್ ಎಂಬ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್.

ನನಗೆ ಚಿಂತೆ ಇರುವುದು ಇಲ್ಲೇ. ಹಸುವಿನ ಥ್ರಾಂಬಿನ್ ಜೊತೆ ಹಸುವಿನ ಫ್ಯಾಕ್ಟರ್ 5 ಎಂಬ, ಹೆಪ್ಪುಗಟ್ಟಲು ಬೇಕಾದ ಇನ್ನೊಂದು ಪ್ರೋಟೀನೂ ಬೆರೆತು ಬರಬಹುದು. ಕೆಲವರ ದೇಹ ಅದರ ವಿರುದ್ಧ ಪ್ರತಿಕಾಯ ಮಾಡಿಕೊಳ್ಳುತ್ತದೆ. ಆ ಪ್ರತಿಕಾಯ ನಮ್ಮದೇ ಫ್ಯಾಕ್ಟರ್ 5 ಮೇಲೂ ತಿರುಗಿಬಿದ್ದರೆ ರಕ್ತಸ್ರಾವ ಆಗುತ್ತದೆ. ಪ್ರಾಣಕ್ಕೇ ಕುತ್ತು ತರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಔಷಧದ ಲೇಬಲ್ ಮೇಲೆ ಅತಿ ಗಂಭೀರ ಎಚ್ಚರಿಕೆ ಹಾಕಿಸಿದೆ.

ಹಾಗಾದರೆ ಹೊರಗಿನ ಪ್ರೋಟೀನೇ ಇಲ್ಲದೆ ಎಬ್ಬಿಸಲು ಆಗುತ್ತದಾ? 2008ರಲ್ಲಿ ಅಮೆರಿಕದ ವರ್ಜೀನಿಯಾದ ಸಂಶೋಧಕರು ನ್ಯಾನೋಸೆಕೆಂಡ್ ವಿದ್ಯುತ್ ಮಿಡಿತಗಳಿಂದ ಆಗುತ್ತದೆ ಎಂದು ತೋರಿಸಿದರು. ಸೆಂಟಿಮೀಟರಿಗೆ ಸಾವಿರಾರು ವೋಲ್ಟ್, ಆದರೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಕಡಿಮೆ ಹೊತ್ತು. ಆ ಮಿಡಿತಕ್ಕೆ ಪ್ಲೇಟ್‌ಲೆಟ್ ಪೊರೆಯಲ್ಲಿ ಅತಿ ಸಣ್ಣ ರಂಧ್ರಗಳು ಏಳುತ್ತವೆ. ಒಳಗೆ ಕ್ಯಾಲ್ಸಿಯಂ ಏರುತ್ತದೆ. ಚೀಲ ಖಾಲಿ ಮಾಡು ಎಂದು ಪ್ಲೇಟ್‌ಲೆಟ್‌ಗೆ ಹೇಳುವುದೇ ಕ್ಯಾಲ್ಸಿಯಂ. ಆಮೇಲೆ ಜಿಇ ಕಂಪನಿಯ ಸಂಶೋಧಕರೂ ಬಾಸ್ಟನ್ ಮಕ್ಕಳ ಆಸ್ಪತ್ರೆಯವರೂ ಇದನ್ನು ಮುಂದುವರಿಸಿದರು. ಮಿಡಿತ ಕೊಡುವ ಬಗೆ ಬದಲಿಸಿದರೆ ಪ್ಲೇಟ್‌ಲೆಟ್ ಏಳುವ ರೀತಿಯೂ ಬದಲಾಗುತ್ತದೆ ಎಂಬುದು ಅವರ 2016ರ ಪ್ರಬಂಧದಲ್ಲಿದೆ. ನನಗೆ ತುಂಬಾ ಹಿಡಿಸಿದ್ದು ಇದು. ಥ್ರಾಂಬಿನ್ ಹಾಕಿದರೆ ಇಂಥ ಹಿಡಿತ ಸಿಗುವುದಿಲ್ಲ.

ಆದರೂ ಇದೆಲ್ಲ ಬಹುಪಾಲು ಲ್ಯಾಬಿನ ಫಲಿತಾಂಶ. ಪ್ಲೇಟ್‌ಲೆಟ್ ಚಿಕಿತ್ಸೆಯಿಂದ ಎಷ್ಟು ನಿರೀಕ್ಷಿಸಬಹುದು ಎನ್ನುವುದಕ್ಕೆ 2018ರ ಒಂದು ಯುರೋಪಿನ ಅಧ್ಯಯನ ನೋಡಿ. ರೋಗಿಯದೇ ರಕ್ತವನ್ನು ತಿರುಗಿಸಿ, ಏನೂ ಸೇರಿಸದೆ ಮಾಡಿದ ಪ್ಯಾಚನ್ನು ವಾಸಿಯಾಗದ ಕಾಲು ಹುಣ್ಣಿಗೆ ಹಾಕಿದರು. 20 ವಾರದಲ್ಲಿ ನೂರಕ್ಕೆ 34 ಮಂದಿಗೆ ವಾಸಿಯಾಯಿತು. ಮಾಮೂಲಿ ಆರೈಕೆಯಲ್ಲಿ 22. ಲಾಭ ನಿಜ, ಆದರೆ ಪ್ಯಾಚ್ ಹಾಕಿಸಿಕೊಂಡವರಲ್ಲೂ ಮೂರರಲ್ಲಿ ಇಬ್ಬರಿಗೆ ಅಷ್ಟರಲ್ಲಿ ವಾಸಿಯಾಗಲಿಲ್ಲ.

ಪಾದಕ್ಕೆ ರಕ್ತ ಹರಿಯದಿದ್ದರೆ, ಹುಣ್ಣಿನ ಮೇಲೆಯೇ ಭಾರ ಬಿಟ್ಟು ನಡೆಯುತ್ತಿದ್ದರೆ, ಯಾವ ಜೆಲ್ಲೂ ಸುಮ್ನೆ ದುಡ್ಡು ದಂಡ. ಪಿಆರ್‌ಪಿಗೆ ಒಪ್ಪುವ ಮುಂಚೆ ಕಾಲಿನ ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಆಗಿದೆಯಾ ಎಂದು ಕೇಳಿ. ಪ್ಲೇಟ್‌ಲೆಟ್ ಎಬ್ಬಿಸಲು ಏನು ಹಾಕುತ್ತೀರಿ ಎಂದೂ ಕೇಳಿ. ಹಿಂದೆ ಯಾವುದಾದರೂ ಆಪರೇಷನ್‌ನಲ್ಲಿ ಹಸುವಿನ ಥ್ರಾಂಬಿನ್ ಬಳಸಿದ್ದು ಗೊತ್ತಿದ್ದರೆ, ಮರೆಯದೆ ಹೇಳಿ.