ಸ್ಕೂಲ್ ಬೋರ್ಡ್: ಪರೀಕ್ಷೆ ನಡೆಸದ ಬೋರ್ಡ್

ಅಮೆರಿಕದ ಯಾವುದೋ ಊರಿನಲ್ಲಿ ಭಾರತ ಮೂಲದವರೊಬ್ಬರು ಸ್ಕೂಲ್ ಬೋರ್ಡಿಗೆ ಗೆದ್ದರೆ ನಮ್ಮಲ್ಲಿ ಅದು ‘ಅಮೆರಿಕದ ಶಿಕ್ಷಣ ಮಂಡಳಿಗೆ ನೇಮಕ’ ಎಂದು ಅಚ್ಚಾಗುತ್ತದೆ. ಓದಿದವರು ‘ಇನ್ನು ಅಲ್ಲಿನ ಸಿಲಬಸ್ ಬದಲಾಗಬಹುದು’ ಎಂದು ಬರೆಯುತ್ತಾರೆ. ಇದನ್ನು ಎಷ್ಟು ಸಲ ಓದಿದರೂ ನನಗೆ ಸಹನೆ ಬರುವುದಿಲ್ಲ. ಅಮೆರಿಕಕ್ಕೆಲ್ಲ ಸೇರಿ ಒಂದು ಶಿಕ್ಷಣ ಮಂಡಳಿ ಎಂಬುದೇ ಇಲ್ಲ. ಹಾಗೆ ಗೆದ್ದವರನ್ನು ಯಾರೂ ನೇಮಿಸಿರುವುದಿಲ್ಲ, ಊರಿನವರು ಮತ ಹಾಕಿ ಕಳಿಸಿರುತ್ತಾರೆ. ಮಲ್ಲೇಶ್ವರದಲ್ಲಿ ಕುಳಿತು ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಸುವ ನಮ್ಮ ಮಂಡಳಿಗೂ ಅವರ ಕೆಲಸಕ್ಕೂ ಎಳ್ಳಷ್ಟೂ ಹೋಲಿಕೆಯಿಲ್ಲ.

ತಪ್ಪಿನ ಬೇರು ‘ಬೋರ್ಡ್’ ಎಂಬ ಪದದಲ್ಲಿದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಹಲಗೆ ಎಂದಷ್ಟೇ ಅರ್ಥ. ಕರಿಹಲಗೆಯ ಬೋರ್ಡು, ಬಸ್ಸಿನ ಮುಂದಿನ ಬೋರ್ಡು, ಅಂಗಡಿಯ ಬೋರ್ಡು ಇವೆಲ್ಲ ಆ ಮೊದಲ ಅರ್ಥದಲ್ಲೇ ಕನ್ನಡಕ್ಕೆ ಬಂದಿವೆ. ಹಲಗೆಗೆ ಕಾಲು ಕೊಟ್ಟರೆ ಮೇಜಾಯಿತು. ಮೇಜಿನ ಮೇಲೆ ಬಡಿಸುವ ಊಟವೂ ಬೋರ್ಡ್ ಆಯಿತು. ನಮ್ಮ ಬಸ್ ನಿಲ್ದಾಣಗಳ ಎದುರಿನ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಫಲಕದಲ್ಲಿ ಇರುವುದು ಈ ಊಟದ ಬೋರ್ಡು, ಬೋರ್ಡಿಂಗ್ ಶಾಲೆಯಲ್ಲಿರುವುದೂ ಅದೇ. ಕೊನೆಗೆ ಒಂದೇ ಮೇಜಿನ ಸುತ್ತ ಕುಳಿತು ವಿಚಾರ ಮಾಡುವ ಜನರ ಗುಂಪಿಗೂ ಅದೇ ಹೆಸರು ಬಂತು. ಸ್ಕೂಲ್ ಬೋರ್ಡ್ ಎಂದರೆ ಶಾಲೆಯ ವಿಚಾರಕ್ಕಾಗಿ ಮೇಜಿನ ಸುತ್ತ ಕುಳಿತವರು. ಮೇಜಿನಿಂದ ಎದ್ದು ಹೊರಗೆ ಬಂದರೆ ಅವರಲ್ಲಿ ಒಬ್ಬೊಬ್ಬರಿಗೂ ಬೋರ್ಡಿನ ಅಧಿಕಾರವಿಲ್ಲ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಕನ್ನಡದ ‘ಮಂಡಳಿ’ಗೂ ಇಂಥದೇ ಹಿನ್ನೆಲೆ ಇದೆ. ಮಂಡಲ ಎಂದರೆ ವೃತ್ತ, ಮಂಡಳಿ ಎಂದರೆ ಸುತ್ತುಗೂಡಿದವರು. ಭಜನಾ ಮಂಡಳಿ, ಯಕ್ಷಗಾನ ಮಂಡಳಿ, ಮಹಿಳಾ ಮಂಡಳಿಗಳಲ್ಲಿ ಆ ಅರ್ಥ ಇಂದಿಗೂ ಉಸಿರಾಡುತ್ತಿದೆ. ಆದರೆ ವಿದ್ಯುತ್ ಮಂಡಳಿ, ಜಲಮಂಡಳಿ, ಗೃಹ ಮಂಡಳಿ ಎಂಬ ಸರ್ಕಾರಿ ಹೆಸರುಗಳ ಬಳಕೆ ಹೆಚ್ಚಿದಂತೆ ‘ಮಂಡಳಿ’ ಎಂದರೆ ಕೌಂಟರು, ಕಡತ, ಅಧಿಕಾರಿ ಎಂಬ ಕಲ್ಪನೆ ಬೇರೂರಿತು. ಶಾಲೆಯ ವಿಷಯದಲ್ಲಂತೂ ಪರೀಕ್ಷಾ ಮಂಡಳಿ ಉಳಿದೆಲ್ಲ ಅರ್ಥಗಳನ್ನೂ ನುಂಗಿತು. 1966ರಲ್ಲಿ ಹುಟ್ಟಿದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ 2022ರಲ್ಲಿ ಪಿಯು ಪರೀಕ್ಷೆಗಳನ್ನೂ ಸೇರಿಸಿಕೊಂಡು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಾಯಿತು. ‘ನಿಮ್ಮ ಮಗಳು ಯಾವ ಬೋರ್ಡ್?’ ಎಂದು ಕೇಳಿದರೆ ಸ್ಟೇಟ್, ಸಿಬಿಎಸ್‌ಇ, ಐಸಿಎಸ್‌ಇ ಎಂಬ ಉತ್ತರ ಮಾತ್ರ ಬರುತ್ತದೆ.

ನಮ್ಮ ಅಜ್ಜಂದಿರ ಕಾಲದಲ್ಲಿ ಹಾಗಿರಲಿಲ್ಲ. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಜಿಲ್ಲಾ ಬೋರ್ಡು ನಡೆಸುತ್ತಿದ್ದ ಶಾಲೆಗೆ ಬೋರ್ಡ್ ಹೈಸ್ಕೂಲು ಎಂದು ಹೆಸರು. ಉಡುಪಿ, ಕುಂದಾಪುರಗಳ ಹಿರಿಯರು ಈಗಲೂ ‘ನಾನು ಬೋರ್ಡ್ ಹೈಸ್ಕೂಲಿನಲ್ಲಿ ಓದಿದವನು’ ಎನ್ನುತ್ತಾರೆ. ಅದನ್ನು ಬೋರ್ಡಿಂಗ್ ಶಾಲೆ ಎಂದು ತಿಳಿದು ಮೊಮ್ಮಕ್ಕಳು ‘ಹಾಸ್ಟೆಲಿನಲ್ಲಿ ಇದ್ದಿರಾ ಅಜ್ಜಾ?’ ಎಂದು ಕೇಳುವುದುಂಟು. ಊಟದ ಬೋರ್ಡು ಬೇರೆ, ಆಡಳಿತದ ಬೋರ್ಡು ಬೇರೆ. ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ‘ಸ್ಕೂಲ್ ಬೋರ್ಡ್’ ಎಂಬ ಹೆಸರೇ ಚಾಲ್ತಿಯಲ್ಲಿತ್ತು. 1923ರ ಪ್ರಾಥಮಿಕ ಶಿಕ್ಷಣ ಕಾಯ್ದೆ ಅಲ್ಲಿ ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ಸಂಸ್ಥೆಗಳಿಗೆ, ಅವುಗಳ ಸ್ಕೂಲ್ ಬೋರ್ಡುಗಳಿಗೆ ಒಪ್ಪಿಸಿತು. ಏಕೀಕರಣದ ನಂತರ ಶಾಲೆಗಳು ಇಲಾಖೆಯ ಕೈಗೆ ಬಂದವು, ಪದವೂ ಮರೆಯಾಯಿತು. ಪದ ಮರೆತಿದ್ದಕ್ಕಿಂತ, ಅದರ ಹಿಂದಿದ್ದ ಕಲ್ಪನೆಯನ್ನೇ ನಾವು ಮರೆತದ್ದು ನನಗೆ ಹೆಚ್ಚು ನೋವಿನ ವಿಷಯ.

ಊರಿನವರು ಆರಿಸಿದವರೇ ಶಾಲೆ ನಡೆಸುವ ಆ ಕಲ್ಪನೆ ನಮಗೆ ಬಂದದ್ದು ಇಂಗ್ಲೆಂಡಿನಿಂದ. 1870ರ ಕಾಯ್ದೆ, ಶಾಲೆಗಳು ಸಾಲದ ಕಡೆಗಳಲ್ಲಿ ತೆರಿಗೆದಾರರು ಬೋರ್ಡ್ ಆರಿಸಿ ಶಾಲೆ ಕಟ್ಟಬಹುದೆಂದು ಹೇಳಿತು. ಸಂಸತ್ತಿಗೆ ಮತ ಹಾಕುವ ಹಕ್ಕು 1918ರವರೆಗೂ ಸಿಗದ ಹೆಂಗಸರು ಈ ಬೋರ್ಡುಗಳಿಗೆ ಆಗಲೇ ಸ್ಪರ್ಧಿಸಬಹುದಾಗಿತ್ತು. 1870ರಲ್ಲೇ ಲಂಡನ್ ಬೋರ್ಡಿಗೆ ವೈದ್ಯೆ ಎಲಿಜಬೆತ್ ಗ್ಯಾರೆಟ್ ಮತ್ತು ಎಮಿಲಿ ಡೇವಿಸ್ ಆಯ್ಕೆಯಾದರು. ಬಡವರ ಮಕ್ಕಳ ಶುಲ್ಕ ಮನ್ನಾ ಮಾಡುವುದು, ಹಾಜರಾತಿ ಕಡ್ಡಾಯ ಮಾಡುವುದು ಎರಡೂ ಬೋರ್ಡಿನ ಕೈಯಲ್ಲಿದ್ದವು. ಇಡೀ ದೇಶಕ್ಕೆ ಕಡ್ಡಾಯ ಹಾಜರಾತಿ ಬಂದದ್ದು 1880ರಲ್ಲಿ. ಅದಕ್ಕೂ ಮೊದಲೇ ಬೋರ್ಡಿನ ಸಿಬ್ಬಂದಿ ಮನೆಮನೆಗೆ ಹೋಗಿ ಮಕ್ಕಳ ಲೆಕ್ಕ ಬರೆದುಕೊಳ್ಳುತ್ತಿದ್ದರು. 1902ರ ಕಾಯ್ದೆ ಆ ಬೋರ್ಡುಗಳನ್ನು ತೆಗೆದುಹಾಕಿತು.

ಅಮೆರಿಕದಲ್ಲಾದರೋ ಇಂಥ ಬೋರ್ಡುಗಳು ಇಂದಿಗೂ ಗಟ್ಟಿಯಾಗಿ ನಿಂತಿವೆ. ಅಲ್ಲಿ ಸುಮಾರು 13,000 ‘ಶಾಲಾ ಜಿಲ್ಲೆ’ಗಳಿವೆ. ಜಿಲ್ಲೆ ಎಂದಾಕ್ಷಣ ತುಮಕೂರು, ರಾಯಚೂರು ಎಂದು ಎಣಿಸಬೇಡಿ, ಒಂದು ಸಣ್ಣ ಪಟ್ಟಣವೂ ಶಾಲಾ ಜಿಲ್ಲೆಯಾಗಬಹುದು. ಸಾಮಾನ್ಯವಾಗಿ ಪ್ರತಿಯೊಂದಕ್ಕೂ ಅದರದೇ ಬೋರ್ಡು. ಶಾಲಾ ಜಿಲ್ಲೆಯ ಮುಖ್ಯಾಧಿಕಾರಿಯಾದ ಸೂಪರಿಂಟೆಂಡೆಂಟರನ್ನು ನೇಮಿಸುವುದು, ಬಜೆಟ್ ಒಪ್ಪುವುದು, ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಹೋಗಬೇಕೆಂದು ಗಡಿ ಗೆರೆ ಎಳೆಯುವುದು ಅದರ ಕೆಲಸ.

ಹೊಸದಾಗಿ ಗೆದ್ದ ಸದಸ್ಯರ ಮೊದಲ ತಿಂಗಳುಗಳನ್ನು ನೋಡಿದರೆ ಪದದ ಅರ್ಥ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ಪ್ರಮಾಣವಚನ ಮುಗಿದ ಕೂಡಲೇ ಮನೆಯ ಫೋನು ಮೊಳಗುತ್ತದೆ. ಬಸ್ ನಿಲ್ಲುವ ಜಾಗ ದೂರವಾಯಿತು, ಮಗುವಿಗೆ ವಿಶೇಷ ಶಿಕ್ಷಣದ ನೆರವು ಸಿಗುತ್ತಿಲ್ಲ, ಶಾಲೆಯಿಂದ ಬಂದ ಪತ್ರ ನಮ್ಮ ಭಾಷೆಯಲ್ಲಿಲ್ಲ, ಊಟದ ಖಾತೆಯಲ್ಲಿ ಬಾಕಿಯಿದೆ. ಕರೆ ಮಾಡಿದ ತಾಯಿಗೆ ಸದಸ್ಯರು ‘ನಾಳೆಯೇ ಮಾಡಿಸಿಕೊಡುತ್ತೇನೆ’ ಎನ್ನುವಂತಿಲ್ಲ. ಸಭೆ ಸೇರಿ ಬಹುಮತದಿಂದ ನಿರ್ಣಯವಾದರೆ ಮಾತ್ರ ಅದು ಬೋರ್ಡಿನ ಮಾತು, ಒಬ್ಬ ಸದಸ್ಯರಿಗೆ ಮುಖ್ಯೋಪಾಧ್ಯಾಯರಿಗಾಗಲಿ ಬಸ್ ಚಾಲಕರಿಗಾಗಲಿ ಆಜ್ಞೆ ಮಾಡುವ ಹಕ್ಕಿಲ್ಲ. ಮೊದಲು ಶಿಕ್ಷಕರನ್ನು, ಆಮೇಲೆ ಪ್ರಾಂಶುಪಾಲರನ್ನು, ಅನಂತರ ಸೂಪರಿಂಟೆಂಡೆಂಟರ ಕಚೇರಿಯನ್ನು ಕಾಣಿರಿ ಎಂದು ದಾರಿ ತೋರಿಸುವುದು ಅವರ ಮೊದಲ ಸೇವೆ. ಇದನ್ನು ‘ಕೈ ತೊಳೆದುಕೊಂಡರು’ ಎಂದು ಬೈಯುವವರಿದ್ದಾರೆ. ಆದರೆ ಹಲವು ರಾಜ್ಯಗಳಲ್ಲಿ ವಿದ್ಯಾರ್ಥಿಯನ್ನು ಶಾಲೆಯಿಂದ ಹೊರಹಾಕುವ ಪ್ರಕರಣ ಕೊನೆಗೆ ಇದೇ ಬೋರ್ಡಿನ ಮುಂದೆ ವಿಚಾರಣೆಗೆ ಬರುತ್ತದೆ. ಮೊದಲೇ ಒಂದು ಕಡೆಯವರ ಮಾತು ಕೇಳಿ ಮಾತು ಕೊಟ್ಟವರು ಆ ದಿನ ನ್ಯಾಯ ಹೇಳುವುದು ಹೇಗೆ?

ಹಾಗೆಂದು ಆ ಕರೆ ವ್ಯರ್ಥವಾಗುವುದಿಲ್ಲ. ಒಂದೇ ದೂರು ಹತ್ತು ಮನೆಗಳಿಂದ ಬಂದರೆ ಅದು ನೀತಿಯ ಪ್ರಶ್ನೆಯಾಗುತ್ತದೆ. ಊಟದ ಬಾಕಿಯನ್ನೇ ನೋಡಿ. ಬಾಕಿ ಉಳಿಸಿಕೊಂಡ ಮಗುವಿಗೆ ಏನು ಮಾಡಬೇಕೆಂಬ ಬಗ್ಗೆ ಲಿಖಿತ ನೀತಿ ಇರಲೇಬೇಕೆಂದು ಅಲ್ಲಿನ ಒಕ್ಕೂಟ ಸರ್ಕಾರ 2017ರಿಂದ ಕಡ್ಡಾಯ ಮಾಡಿದೆ. ಆ ನೀತಿಯೊಳಗೆ ಏನಿರಬೇಕೆಂಬುದರಲ್ಲಿ ಬಹಳಷ್ಟು ಸ್ಥಳೀಯರಿಗೆ ಬಿಟ್ಟದ್ದು. ಮಗುವಿನ ಎದುರಿಗಿರುವ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳಬಾರದೆಂದು ಬರೆಸುವುದು ಸಿಲಬಸ್ ಬದಲಿಸುವುದಕ್ಕಿಂತ ಸಣ್ಣ ಕೆಲಸ ಎಂದು ನಾನು ಒಪ್ಪುವುದಿಲ್ಲ.

ಗಡಿ ಗೆರೆಯ ಅಧಿಕಾರ ಎಷ್ಟು ದೊಡ್ಡದೆಂಬುದಕ್ಕೆ ಬ್ರೌನ್ ಪ್ರಕರಣ ಸಾಕು. ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬೇರೆ ಇಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟು 1954ರ ಮೇ 17ರಂದು ತೀರ್ಪು ಕೊಟ್ಟ ಆ ಮೊಕದ್ದಮೆಯ ಪ್ರತಿವಾದಿ ‘ಬೋರ್ಡ್ ಆಫ್ ಎಜುಕೇಶನ್’. ನಮ್ಮ ಎಷ್ಟೋ ಸ್ಪರ್ಧಾತ್ಮಕ ಪರೀಕ್ಷಾರ್ಥಿಗಳು ಅದನ್ನು ಅಮೆರಿಕದ ಶಿಕ್ಷಣ ಇಲಾಖೆ ಎಂದೇ ತಿಳಿದಿದ್ದಾರೆ. ಅದು ಕಾನ್ಸಾಸ್ ರಾಜ್ಯದ ಟೊಪೀಕಾ ಎಂಬ ಒಂದೇ ಊರಿನ ಬೋರ್ಡು. 15,000ಕ್ಕಿಂತ ಹೆಚ್ಚು ಜನರಿರುವ ನಗರಗಳು ಪ್ರಾಥಮಿಕ ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬೇರೆ ಇಡಬಹುದೆಂದು ರಾಜ್ಯದ ಕಾನೂನು ಅನುಮತಿ ಕೊಟ್ಟಿತ್ತು, ಇಡಲೇಬೇಕೆಂದು ಹೇಳಿರಲಿಲ್ಲ. ಬೇರೆ ಇಟ್ಟದ್ದು ಬೋರ್ಡು. ಮನೆಯ ಹತ್ತಿರವೇ ಬಿಳಿಯ ಮಕ್ಕಳ ಸಮ್ನರ್ ಶಾಲೆ ಇದ್ದರೂ ಪುಟ್ಟ ಲಿಂಡಾ ಬ್ರೌನ್ ದೂರದ ಮನ್ರೋ ಶಾಲೆಗೆ ಹೋಗಬೇಕಾಯಿತು. ತೀರ್ಪು ಬರುವ ಮೊದಲೇ, 1953ರ ಸೆಪ್ಟೆಂಬರಿನಲ್ಲಿ, ಸದಸ್ಯರು ಬದಲಾಗಿದ್ದ ಅದೇ ಬೋರ್ಡು ಈ ಪದ್ಧತಿ ಕೈಬಿಡಲು ಮತ ಹಾಕಿತು ಎಂಬುದನ್ನು ನಮ್ಮ ಗೈಡುಗಳು ಹೇಳುವುದಿಲ್ಲ.

ಇನ್ನು ನಮ್ಮ ಎಸ್‌ಡಿಎಂಸಿಯನ್ನು, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು, ಸ್ಕೂಲ್ ಬೋರ್ಡ್ ಎಂದು ಕರೆಯುವುದೂ ಸರಿಯಲ್ಲ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ನಂತರ 2001ರಲ್ಲಿ ಬಂದ ಈ ಸಮಿತಿ ಒಂದೊಂದು ಸರ್ಕಾರಿ ಶಾಲೆಗೆ ಸೀಮಿತ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಬಿಸಿಯೂಟ ನೋಡಿಕೊಳ್ಳುವುದು, ಶೂ ಸಾಕ್ಸ್ ಖರೀದಿಸುವುದು, ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದು ಅದರ ಪಾಲಿನವು. ಕಾಯಂ ಶಿಕ್ಷಕರ ನೇಮಕ, ತೆರಿಗೆ, ಗಡಿ ಗೆರೆ ಅದರ ಕೈಗೆ ಬರುವುದಿಲ್ಲ. ಕುಟುಂಬಗಳ ದೂರು ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ಕುಳಿತಿರುವುದೊಂದೇ ಎರಡಕ್ಕೂ ಸಮಾನ. ಖಾಸಗಿ ಶಾಲೆಯ ‘ಆಡಳಿತ ಮಂಡಳಿ’ ಮೂರನೆಯದು, ಅದಕ್ಕೆ ಊರಿನವರ ಮತದ ಹಂಗಿಲ್ಲ.

ಸುದ್ದಿ ಬರೆಯುವವರು ‘ಇಂಥ ಊರಿನ ಚುನಾಯಿತ ಶಾಲಾ ಮಂಡಳಿ’ ಎಂದು ಊರಿನ ಹೆಸರು ಸೇರಿಸಿ ಬರೆದರೆ ಗೊಂದಲದ ಮುಕ್ಕಾಲು ಪಾಲು ಕಳೆಯುತ್ತದೆ. ಮ್ಯಾಸಚೂಸೆಟ್ಸ್‌ನಲ್ಲಿ ಇದೇ ಸಂಸ್ಥೆಯನ್ನು ಸ್ಕೂಲ್ ಕಮಿಟಿ ಎನ್ನುತ್ತಾರೆ, ಟೆಕ್ಸಸ್‌ನಲ್ಲಿ ಸದಸ್ಯರನ್ನು ಟ್ರಸ್ಟಿ ಎನ್ನುತ್ತಾರೆ. ಟೆಕ್ಸಸ್‌ನ ಸುದ್ದಿ ಬಂದಾಗ ಅದನ್ನು ‘ಧರ್ಮದರ್ಶಿ’ ಎಂದು ಅನುವಾದಿಸಬೇಡಿ.