ಎಕ್ಸ್‌ಟ್ರೇನಿಯಸ್ ಮೂಲ: ಲೆಕ್ಕ ಸರಿ, ಉತ್ತರ ಮಾತ್ರ ಸುಳ್ಳು

ಸಮೀಕರಣ ಬಿಡಿಸುವಾಗ ಎಲ್ಲೂ ತಪ್ಪು ಮಾಡಿರುವುದಿಲ್ಲ. ಆದರೂ ಕೊನೆಗೆ ಬಂದ ಎರಡು ಉತ್ತರಗಳಲ್ಲಿ ಒಂದು ಸುಳ್ಳಾಗಿರುತ್ತದೆ. ಅದಕ್ಕೆ ಎಕ್ಸ್‌ಟ್ರೇನಿಯಸ್ ಮೂಲ ಅಂತಾರೆ (ಮೂಲ ಅಂದರೆ ಸಮೀಕರಣದ ಉತ್ತರ). ಕೊನೆಯ ಸಾಲಿಗೆ ಅದು ಸರಿಹೊಂದುತ್ತದೆ, ಮೊದಲ ಸಾಲಿಗೆ ಹೊಂದುವುದಿಲ್ಲ. ತಾಳೆ ನೋಡುವುದು ಅಂದರೆ ಕೂಡಿದ್ದು ಕಳೆದದ್ದು ಸರಿಯಿದೆಯಾ ಅಂತ ಸುಮ್ನೆ ಒಮ್ಮೆ ಕಣ್ಣಾಡಿಸುವುದು ಎಂದುಕೊಂಡವರೇ ಜಾಸ್ತಿ. ಇಂಥ ಲೆಕ್ಕದಲ್ಲಿ ಹಾಗಲ್ಲ. ತಾಳೆ ನೋಡುವ ತನಕ ಲೆಕ್ಕ ಮುಗಿದೇ ಇಲ್ಲ.

ಗೊತ್ತಿಲ್ಲದ ಸಂಖ್ಯೆ ಕ್ಷ ಅಂತಿರಲಿ.

√(2ಕ್ಷ + 3) = ಕ್ಷ

ಎರಡೂ ಕಡೆ ವರ್ಗ ಮಾಡಿದರೆ 2ಕ್ಷ + 3 = ಕ್ಷ². ಎಲ್ಲವನ್ನೂ ಒಂದೇ ಕಡೆ ತಂದರೆ (ಕ್ಷ − 3)(ಕ್ಷ + 1) = 0. ಅಂದರೆ ಕ್ಷ = 3 ಅಥವಾ −1. ಈಗ ಮೊದಲ ಸಾಲಿಗೆ ಹಾಕಿ. 3 ಹಾಕಿದರೆ √9 = 3, ಸರಿಯಾಯಿತು. −1 ಹಾಕಿದರೆ ಎಡಗಡೆ √1, ಅಂದರೆ 1. ಬಲಗಡೆ −1. ತಾಳೆಯಾಗಲಿಲ್ಲ.

"√1 ಅಂದರೆ −1 ಕೂಡ ಆಗುತ್ತಲ್ವಾ ಸರ್?" ಟ್ಯೂಷನ್ನಿನಲ್ಲಿ ಯಾರಾದರೊಬ್ಬರು ಇದನ್ನು ಕೇಳೇ ಕೇಳುತ್ತಾರೆ. ಆಗುವುದಿಲ್ಲ. 1ಕ್ಕೆ ಎರಡು ವರ್ಗಮೂಲ ಇರುವುದು ನಿಜ, ಆದರೆ √ ಚಿಹ್ನೆ ಹೇಳುವುದು ಋಣವಲ್ಲದ್ದನ್ನು ಮಾತ್ರ. ಎರಡೂ ಬೇಕಾದಾಗ √ ಚಿಹ್ನೆಯ ಎಡಕ್ಕೆ ನಾವೇ ± ಹಾಕುವುದು ಅದಕ್ಕೇ.

ಹಾಗಾದರೆ −1 ಎಲ್ಲಿಂದ ಬಂತು? ವರ್ಗ ಮಾಡಿದಾಗ ಚಿಹ್ನೆ ಅಳಿಸಿಹೋಗುತ್ತದೆ. √(2ಕ್ಷ + 3) = −ಕ್ಷ ಅಂತ ಇನ್ನೊಂದು ಸಮೀಕರಣ ಇದ್ದಿದ್ದರೂ ವರ್ಗ ಮಾಡಿದ ಮೇಲೆ ಇದೇ ಸಾಲು ಬರುತ್ತಿತ್ತು, ನಮಗೆ ಗೊತ್ತಿಲ್ಲದೆ ಎರಡು ಲೆಕ್ಕವನ್ನು ಒಟ್ಟಿಗೆ ಬಿಡಿಸಿದ್ದೇವೆ, −1 ಆ ಇನ್ನೊಂದರ ಉತ್ತರ. ಅದಕ್ಕೇ ವರ್ಗ ಮಾಡಿದ ಸಾಲಿನಲ್ಲಿ ತಾಳೆ ನೋಡಿ ಪ್ರಯೋಜನವಿಲ್ಲ, ಅಲ್ಲಿ ಎರಡೂ ಹೊಂದುತ್ತವೆ. ಘನ ಮಾಡಿದರೆ ಈ ರಗಳೆ ಇಲ್ಲ. ವಾಸ್ತವ ಸಂಖ್ಯೆಗಳಲ್ಲಿ ಘನ ಚಿಹ್ನೆಯನ್ನು ಉಳಿಸಿಕೊಳ್ಳುತ್ತದೆ.

ಈಗ ಇದರ ಜೊತೆ ಗೊಂದಲವಾಗುವ ಇನ್ನೊಂದು ವಿಷಯ. ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಲೆಕ್ಕಕ್ಕೆ 60 ಕಿಲೋಮೀಟರ್ ಅಂತ ಇಟ್ಟುಕೊಳ್ಳೋಣ. ಬಸ್ಸು ಗಂಟೆಗೆ 10 ಕಿಲೋಮೀಟರ್ ಜಾಸ್ತಿ ಓಡಿದ್ದರೆ ಅರ್ಧ ಗಂಟೆ ಮೊದಲೇ ತಲುಪುತ್ತಿತ್ತು. ವೇಗ ಎಷ್ಟು?

60/ಕ್ಷ − 60/(ಕ್ಷ + 10) = 1/2

ಬಿಡಿಸಿದರೆ 30 ಮತ್ತು −40. ವೇಗ −40 ಇರಲ್ಲ, ಅಂತ ಹೊಡೆದು ಹಾಕುತ್ತೇವೆ. ಸರಿ. ಆದರೆ ಇದನ್ನು ಎಕ್ಸ್‌ಟ್ರೇನಿಯಸ್ ಅನ್ನಬೇಡಿ. ಸಮೀಕರಣಕ್ಕೇ ಹಾಕಿ ನೋಡಿ: −1.5 + 2 = 0.5. ಸರಿಯಾಗಿ ಹೊಂದಿತು! −40 ಸಮೀಕರಣದ ನಿಜವಾದ ಮೂಲವೇ, ಬೇಡ ಅಂದದ್ದು ಬಸ್ಸು. ಎಸ್‌ಎಸ್‌ಎಲ್‌ಸಿ ಮಕ್ಕಳು ಈ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ.

ಛೇದದಲ್ಲಿ ಕ್ಷ ಇದ್ದಾಗಲೂ ಸುಳ್ಳು ಮೂಲ ಬರಬಹುದು. ಕ್ಷ²/(ಕ್ಷ − 3) = 9/(ಕ್ಷ − 3) ತಗೊಳ್ಳಿ. ಛೇದ ತೆಗೆದರೆ ಕ್ಷ² = 9, ಅಂದರೆ 3 ಮತ್ತು −3. 3 ಹಾಕಿದರೆ ಛೇದ ಸೊನ್ನೆಯಾಗುತ್ತದೆ, ಹಾಗಾಗಿ ಉಳಿಯುವುದು −3 ಮಾತ್ರ. ನೋಡಿ, ಋಣ ಉತ್ತರವೇ ಯಾವಾಗಲೂ ಸುಳ್ಳು ಅನ್ನುವ ನಂಬಿಕೆಯೂ ಇಲ್ಲಿ ಬಿತ್ತು. ಪಿಯುಸಿಯಲ್ಲಿ ಲಾಗ್ ಸಮೀಕರಣಕ್ಕೂ ಇದೇ ಎಚ್ಚರ ಬೇಕು, ಸೊನ್ನೆಗಾಗಲಿ ಋಣ ಸಂಖ್ಯೆಗಾಗಲಿ ಅಲ್ಲಿ ಲಾಗ್ ಇಲ್ಲ.

√ ಒಂದು ಕಡೆ, ಕ್ಷ ಇನ್ನೊಂದು ಕಡೆ ಇರುವ ಲೆಕ್ಕದಲ್ಲಿ ವರ್ಗ ಮಾಡುವ ಮೊದಲೇ 'ಕ್ಷ ≥ 0' ಅಂತ ಬದಿಯಲ್ಲಿ ಬರೆದುಕೊಳ್ಳಿ. ಅಷ್ಟರಲ್ಲೇ −1 ಹೊರಗೆ ಹೋಗುತ್ತದೆ.

ಇದಕ್ಕೆ ಉಲ್ಟಾ ತೊಂದರೆಯೂ ಒಂದಿದೆ, ನನ್ನ ಕೇಳಿದರೆ ಅದೇ ಜಾಸ್ತಿ ಅಪಾಯ. ಕ್ಷ² = 5ಕ್ಷ ಅಂತಿದ್ದಾಗ ಎರಡೂ ಕಡೆ ಕ್ಷದಿಂದ ಭಾಗಿಸಿದರೆ 5 ಸಿಗುತ್ತದೆ, 0 ಮಾಯವಾಗುತ್ತದೆ. ಸುಳ್ಳು ಮೂಲವನ್ನಾದರೆ ತಾಳೆ ನೋಡಿ ಹಿಡಿಯಬಹುದು. ಕಳೆದುಹೋದ ಮೂಲ ಕೈಯಲ್ಲೇ ಇರುವುದಿಲ್ಲ, ತಾಳೆ ನೋಡುವುದು ಯಾವುದನ್ನು? ಅಲ್ಲಿ ಭಾಗಿಸಬೇಡಿ, ಕ್ಷ(ಕ್ಷ − 5) = 0 ಅಂತ ಅಪವರ್ತಿಸಿ.