ಹಳೆಯ ಟೇಪ್ ರೆಕಾರ್ಡರ್: ಹಾಡುತ್ತದೆ, ಆದರೆ ರೆಕಾರ್ಡ್ ಮಾಡುವುದಿಲ್ಲ

ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಟೇಪ್ ರೆಕಾರ್ಡರ್ ಕೈಗೆ ಸಿಕ್ಕರೆ ಹೆಚ್ಚಿನವರು ಮೊದಲು ಪ್ಲಗ್ ಹಾಕಿ ಸ್ವಿಚ್ ಒತ್ತುತ್ತಾರೆ. ದೀಪ ಹತ್ತಿದರೆ ಸಾಕು, ಇರುವುದರಲ್ಲೇ ಅಚ್ಚುಮೆಚ್ಚಿನ ಕ್ಯಾಸೆಟ್ ಹಾಕಿ ಪ್ಲೇ ಒತ್ತುತ್ತಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ. ಮೊದಲನೆಯದರಿಂದ ಯಂತ್ರ ಸುಡಬಹುದು, ಅದನ್ನು ಹೇಗಾದರೂ ಸರಿಮಾಡಬಹುದು. ಎರಡನೆಯದರಿಂದ ಹೋಗುವ ಧ್ವನಿ ಮತ್ತೆ ಬರುವುದಿಲ್ಲ. ರೆಕಾರ್ಡ್ ಸ್ವಿಚ್ ಒಳಗೆ ಸಿಕ್ಕಿಕೊಂಡಿದ್ದರೆ ನೀವು ಒತ್ತಿದ್ದು ಬರೀ ಪ್ಲೇ ಆದರೂ ಟೇಪ್ ಅಳಿಸಿಹೋಗುತ್ತದೆ. ಕ್ಯಾಸೆಟ್ಟಿನ ಹಿಂಬದಿಯ ಪ್ಲಾಸ್ಟಿಕ್ ಚಕ್ಕೆ ಮುರಿದಿದ್ದೇನೆ, ಭಯವಿಲ್ಲ ಎನ್ನುವಂತಿಲ್ಲ. ಅದು ರೆಕಾರ್ಡ್ ಗುಂಡಿಯನ್ನು ಒತ್ತದಂತೆ ತಡೆಯುತ್ತದೆಯೇ ಹೊರತು ಮೊದಲೇ ಸಿಕ್ಕಿಕೊಂಡ ಸ್ವಿಚ್ಚನ್ನು ಹಿಂದಕ್ಕೆ ತಳ್ಳುವುದಿಲ್ಲ. ಪರೀಕ್ಷೆಗೆ ಹಾಳಾದರೂ ಬೇಸರವಿಲ್ಲದ ಎರಡು ಕ್ಯಾಸೆಟ್ ಬೇರೆ ಇಟ್ಟುಕೊಳ್ಳಿ.

ವಿದ್ಯುತ್ ಕೊಡುವ ಮೊದಲು ಮುಚ್ಚಳ ತೆಗೆದು ಕಣ್ಣಲ್ಲೇ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಬ್ಯಾಟರಿ ಖಾನೆಯಲ್ಲಿ ಬಿಳಿ ಪುಡಿ ಕಟ್ಟಿದೆಯೇ, ಫ್ಯೂಸ್ ಸರಿಯಾದ ಆಂಪಿಯರಿನದೇ, ಹಿಂಬದಿಯ ವೋಲ್ಟೇಜ್ ಸೆಲೆಕ್ಟರ್ ನಿಮ್ಮಲ್ಲಿಯ ಸರಬರಾಜಿಗೆ ಹೊಂದುತ್ತದೆಯೇ ನೋಡಿ. ಮೇನ್ಸ್ ತಂತಿ ಒಳಬರುವ ಜಾಗದಲ್ಲಿ ಪಾರದರ್ಶಕ ಹಳದಿ ಹೊದಿಕೆಯ ಚಪ್ಪಟೆ ಕೆಪಾಸಿಟರ್ ಇದ್ದು, ಅದರ ಮೈಮೇಲೆ ಕೂದಲೆಳೆಯಂಥ ಬಿರುಕುಗಳಿದ್ದರೆ ತಡಮಾಡದೆ ತೆಗೆಯಿರಿ. ಒಳಗಿನ ಕಾಗದ ಬಿರುಕಿನ ಮೂಲಕ ತೇವ ಹೀರಿರುತ್ತದೆ. ಸ್ವಿಚ್ ಹಾಕಿ ಕೆಲವೇ ನಿಮಿಷಗಳಲ್ಲಿ ಅದು ಸಿಡಿದು ಕೋಣೆ ತುಂಬ ದಟ್ಟ ಹೊಗೆ ಎಬ್ಬಿಸಬಹುದು. ಅದೇ ಧಾರಕತೆಯ (ಮೈಕ್ರೊಫ್ಯಾರಡ್ ಅಂಕಿಯ), ಮೇನ್ಸಿಗೆಂದೇ ಮಾಡಿದ ಎಕ್ಸ್2 ಗುರುತಿನ, 275 ವೋಲ್ಟ್ ಎಸಿಯ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ. ಸಾಮಾನ್ಯ ಡಿಸಿ ಕೆಪಾಸಿಟರ್ ಆ ಜಾಗಕ್ಕೆ ಸಲ್ಲದು.

ಮೊದಲ ಸಲ ವಿದ್ಯುತ್ ಕೊಡುವಾಗ ಒಂದು 60 ವ್ಯಾಟಿನ ತಂತಿ ಬಲ್ಬನ್ನು ಸರಣಿಯಲ್ಲಿ, ಅಂದರೆ ವಿದ್ಯುತ್ ಅದರ ಮೂಲಕವೇ ಯಂತ್ರಕ್ಕೆ ಹೋಗುವಂತೆ ಸೇರಿಸಿ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಸರಿ. ಪೂರ್ಣ ಬೆಳಕಿನಲ್ಲೇ ನಿಂತರೆ ಒಳಗೆ ಶಾರ್ಟ್ ಇದೆ, ಪ್ಲಗ್ ಕಿತ್ತುಬಿಡಿ. ಬಲ್ಬು ಸೇರಿಸಿದಾಗ ಮೋಟಾರು ತಡವರಿಸುವುದು ಸಹಜ, ಅದನ್ನೇ ದೋಷ ಎಂದುಕೊಳ್ಳಬೇಡಿ. ವಾಲ್ವ್ ಇರುವ, ಬಿಡಿ ಸುರುಳಿ ಟೇಪ್ ಓಡಿಸುವ ಸ್ಪೂಲ್ ಯಂತ್ರವಾದರೆ ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ 250 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ರೆಸಿಸ್ಟರ್ ಮೂಲಕ ಅದನ್ನು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕಿ.

ಇನ್ನು ಓಟದ ಭಾಗ. ಇಲ್ಲಿನ ದೋಷಗಳಿಗೆ ಕಾರಣ ಬಹುಪಾಲು ರಬ್ಬರು ಮತ್ತು ಗ್ರೀಸು, ಎಲೆಕ್ಟ್ರಾನಿಕ್ಸ್ ಅಲ್ಲ. ಹಳೆಯ ಬೆಲ್ಟು ಕೆಲವೊಮ್ಮೆ ಸಡಿಲವಾಗಿರುತ್ತದೆ, ಕೆಲವೊಮ್ಮೆ ಕರಗಿ ಡಾಂಬರಿನಂತೆ ಫ್ಲೈವೀಲಿಗೆ (ವೇಗವನ್ನು ಸಮನಾಗಿಡುವ ಭಾರದ ಚಕ್ರ) ಮೆತ್ತಿಕೊಂಡಿರುತ್ತದೆ. ಕರಗಿದ್ದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಸಾವಧಾನವಾಗಿ ಒರೆಸಿ. ಕೈಗವಸು ಇರಲಿ, ಆ ಕಪ್ಪು ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಮೋಟಾರಿನ ಪುಟ್ಟ ಪುಲಿಯ ಮೇಲೆ ಸಾಸಿವೆ ಕಾಳಿನಷ್ಟು ಉಳಿದರೂ ಧ್ವನಿ ಒಂದೇ ಸಮನೆ ಅಲುಗುತ್ತದೆ. ಹೊಸ ಬೆಲ್ಟಿನ ಅಳತೆಗೆ, ಬೆಲ್ಟ್ ಹಾಯುವ ದಾರಿಯಲ್ಲೆಲ್ಲ ದಾರ ಸುತ್ತಿ ಉದ್ದ ತೆಗೆಯಿರಿ. ಅದಕ್ಕಿಂತ ಸುಮಾರು ಶೇ. 5ರಷ್ಟು ಕಡಿಮೆ ಸುತ್ತಳತೆಯ ಬೆಲ್ಟ್ ತನ್ನಿ. ಬಿಗಿಯಾದಷ್ಟೂ ಒಳ್ಳೆಯದು ಎಂಬ ನಂಬಿಕೆ ತಪ್ಪು. ಅತಿ ಬಿಗಿಯಾದರೆ ಮೋಟಾರಿನ ಬುಷ್ ಒಂದು ಕಡೆಗೆ ಸವೆಯುತ್ತದೆ.

ಲಿವರುಗಳು ಅರ್ಧಕ್ಕೆ ನಿಲ್ಲುವುದು, ಸ್ಟಾಪ್ ಒತ್ತಿದರೂ ಹೆಡ್ (ಟೇಪಿಗೆ ತಾಗಿ ಧ್ವನಿಯನ್ನು ಓದುವ, ಬರೆಯುವ ಭಾಗ) ಹಿಂದೆ ಸರಿಯದಿರುವುದು ಮೇಣದಂತೆ ಗಟ್ಟಿಯಾದ ಗ್ರೀಸಿನ ಕೆಲಸ. ಅದರ ಮೇಲೆಯೇ ಎಣ್ಣೆ ಬಿಟ್ಟರೆ ಎರಡು ದಿನ ಚೆನ್ನಾಗಿರುತ್ತದೆ, ಆಮೇಲೆ ಆ ಎಣ್ಣೆ ಬೆಲ್ಟಿನ ಮೇಲೆ ಹರಿದು ಹೊಸ ತಾಪತ್ರಯ ತರುತ್ತದೆ. ಹಳೆಯದನ್ನು ಪೂರ್ತಿ ತೊಳೆದು, ಪ್ಲಾಸ್ಟಿಕ್ಕಿಗೆ ಹಾನಿಯಾಗದ ತೆಳು ಗ್ರೀಸನ್ನು ಸವರಿ. ಕ್ಯಾಪ್‌ಸ್ಟನ್ ಬೇರಿಂಗಿಗೆ (ಟೇಪನ್ನು ಎಳೆಯುವ ಲೋಹದ ಕಡ್ಡಿ ತಿರುಗುವ ಜಾಗ) ಒಂದೇ ತೊಟ್ಟು ತೆಳು ಯಂತ್ರದೆಣ್ಣೆ. ತುಕ್ಕು ಬಿಡಿಸುವ ಸ್ಪ್ರೇಯನ್ನು ಈ ಯಂತ್ರದ ಹತ್ತಿರಕ್ಕೂ ತರಬೇಡಿ.

ಟೇಪನ್ನು ಆ ಕಡ್ಡಿಗೆ ಒತ್ತಿ ಹಿಡಿಯುವ ರಬ್ಬರು ಉರುಳೆ, ಅಂದರೆ ಪಿಂಚ್ ರೋಲರಿನ ಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಟೇಪನ್ನು ಹಿಡಿಯುವುದಿಲ್ಲ. ಉಗುರು ಒತ್ತಿದರೆ ಗುರುತು ಬಿದ್ದು ಮಾಯವಾಗಬೇಕು, ಬೀಳದಿದ್ದರೆ ರೋಲರ್ ಬದಲಿಸಿ. ಸಾಬೂನು ನೀರಿನಿಂದ ತೊಳೆದರೆ ಕೊಳೆ ಹೋಗುತ್ತದೆ, ಗಟ್ಟಿಯಾದ ರಬ್ಬರು ಮೆತ್ತಗಾಗುವುದಿಲ್ಲ. ಕ್ಯಾಸೆಟ್ಟಿನಲ್ಲಿ ವೇಗ ಸೆಕೆಂಡಿಗೆ 4.76 ಸೆಂ.ಮೀ. ಅದನ್ನು ಅಳೆಯಲು 3150 ಹರ್ಟ್ಸ್ ಪರೀಕ್ಷಾ ಟೇಪ್ ಬೇಕು. 3000 ಹರ್ಟ್ಸಿನ ಟೇಪುಗಳೂ ಬಳಕೆಯಲ್ಲಿವೆ, ಅಡಿಬರಹ ಓದದೆ ಮೋಟಾರಿನ ಪ್ರಿಸೆಟ್ (ಸ್ಕ್ರೂಡ್ರೈವರಿನಿಂದ ಹೊಂದಿಸುವ ಪುಟ್ಟ ತಿರುಪು) ತಿರುಗಿಸಿದರೆ ಶೇ. 5ರಷ್ಟು ತಪ್ಪು ವೇಗವನ್ನೇ ಸರಿ ಎಂದು ಕೂರಿಸಿದಂತಾಗುತ್ತದೆ. ಎಸಿ ಮೋಟಾರಿನ ಸ್ಪೂಲ್ ಯಂತ್ರಕ್ಕೆ ಇನ್ನೊಂದು ತೊಡಕು: 60 ಹರ್ಟ್ಸಿಗೆ ಮಾಡಿದ್ದನ್ನು 50 ಹರ್ಟ್ಸಿನಲ್ಲಿ ಓಡಿಸಿದರೆ ವೇಗ ಸುಮಾರು ಶೇ. 17ರಷ್ಟು ಇಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸುತ್ತದೆ, ಆವರ್ತನವನ್ನಲ್ಲ. ಅಲ್ಲಿ ಮೋಟಾರಿನ ಪುಲಿಯನ್ನೇ ಬದಲಿಸಬೇಕು.

ಇಷ್ಟಾದ ಮೇಲೆ ಯಂತ್ರ ಸಾಮಾನ್ಯವಾಗಿ ಹಾಡುತ್ತದೆ. ತಾಳ್ಮೆಗೆ ನಿಜವಾದ ಪರೀಕ್ಷೆ ರೆಕಾರ್ಡಿಂಗಿನಲ್ಲಿ. ಒಂದು ಚಾನೆಲ್ ಬರುವುದಿಲ್ಲ, ಬಂದದ್ದು ಕೀರಲಾಗಿರುತ್ತದೆ, ಹಳೆಯ ಧ್ವನಿ ಹೊಸದರ ಹಿಂದೆ ಗುನುಗುತ್ತಿರುತ್ತದೆ. ಇಂಥ ಹೊತ್ತಿನಲ್ಲಿ ಸ್ಕ್ರೂಡ್ರೈವರ್ ಹಿಡಿದು ಕಂಡ ಪ್ರಿಸೆಟ್ಟನ್ನೆಲ್ಲ ತಿರುಗಿಸಿ, ಸುಲಭದ ದೋಷವನ್ನು ಬಿಡಿಸಲಾಗದ ಗಂಟು ಮಾಡಿಕೊಂಡ ಯಂತ್ರಗಳು ರಿಪೇರಿಗೆ ಬರುತ್ತಲೇ ಇರುತ್ತವೆ. ಪ್ರಿಸೆಟ್ಟುಗಳು ತಾವಾಗಿ ತಿರುಗುವುದಿಲ್ಲ. ಕೆಟ್ಟಿರುವುದು ಬಹುತೇಕ ರೆಕಾರ್ಡ್–ಪ್ಲೇ ಸ್ವಿಚ್.

ಹಲವು ಯಂತ್ರಗಳಲ್ಲಿ ಇದು ಬೋರ್ಡಿನ ಮೇಲೆ ಉದ್ದಕ್ಕೆ ಕೂತಿರುವ, ಹತ್ತಿಪ್ಪತ್ತು ಕಾಲುಗಳ ಜಾರು ಸ್ವಿಚ್. ಹೆಡ್ಡನ್ನು ಒಮ್ಮೆ ಪ್ಲೇ ಆಂಪ್ಲಿಫೈಯರಿಗೆ, ಒಮ್ಮೆ ರೆಕಾರ್ಡ್ ಆಂಪ್ಲಿಫೈಯರಿಗೆ ಸೇರಿಸುವುದು ಇದೇ. ಬಯಾಸ್ ಆಸಿಲೇಟರಿಗೆ (ಹಳೆಯ ಧ್ವನಿಯನ್ನು ಅಳಿಸಲು, ಹೊಸದರ ಜೊತೆ ಬೆರೆಸಲು ಕಿವಿಗೆ ಕೇಳಿಸದಷ್ಟು ಹೆಚ್ಚಿನ ಆವರ್ತನ ಹುಟ್ಟಿಸುವ ಭಾಗ) ವಿದ್ಯುತ್ ಕೊಡುವುದೂ ಇದೇ. ಒಳಗಿನ ಬೆಳ್ಳಿ ಲೇಪದ ಸಂಪರ್ಕಗಳು ಗಾಳಿಯ ಗಂಧಕಕ್ಕೆ ಕಪ್ಪಾಗುತ್ತವೆ. ಹತ್ತು ಜೋಡಿಗಳಲ್ಲಿ ಒಂದು ಕೂಡದಿದ್ದರೂ ಸಾಕು, ಲಕ್ಷಣ ವಿಚಿತ್ರವಾಗಿರುತ್ತದೆ. ಪ್ಲೇನಲ್ಲಿ ಇದ್ದಕ್ಕಿದ್ದಂತೆ ಕೂಗಿದರೆ, ಗುಂಡಿಯನ್ನು ಮೆಲ್ಲಗೆ ಅಲುಗಿಸಿದಾಗ ಕೂಗು ನಿಂತರೆ ಬೇರೆಲ್ಲೂ ಹುಡುಕಬೇಡಿ.

ಪ್ಲಗ್ ತೆಗೆದು, ಸ್ವಿಚ್ಚಿನ ಎರಡೂ ತುದಿಯಿಂದ ತೆಳು ಕೊಳವೆಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪವೇ ಬಿಡಿ. ಪ್ಲಾಸ್ಟಿಕ್ಕಿಗೆ ಸುರಕ್ಷಿತ ಎಂದು ಡಬ್ಬಿಯ ಮೇಲೆ ಬರೆದಿರಬೇಕು. ಜಾರುಕಡ್ಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ಮೂವತ್ತು ನಲವತ್ತು ಸಲ ಆಡಿಸಿ, ಕಾಲು ಗಂಟೆ ಆರಲು ಬಿಡಿ. ಮತ್ತೆ ಕೆಲವು ದಿನಗಳಲ್ಲಿ ಅದೇ ದೋಷ ಬಂದರೆ ಸ್ವಿಚ್ಚಿನ ಓಟವನ್ನು ನೋಡಿ. ಗುಂಡಿಯಿಂದ ಸ್ವಿಚ್ಚಿಗೆ ಹೋಗುವ ಲಿವರ್ ಅಥವಾ ತಂತಿ ಬಾಗಿದ್ದರೆ ಕಡ್ಡಿ ಕೊನೆಯ ಒಂದು ಮಿಲಿಮೀಟರ್ ತಲುಪದೆ ನಿಲ್ಲುತ್ತದೆ. ಸಂಪರ್ಕ ಎಷ್ಟು ಶುಭ್ರವಾಗಿದ್ದರೂ ಕೂಡುವುದಿಲ್ಲ. ರೆಕಾರ್ಡ್ ಒತ್ತಿ ಹಿಡಿದು ಕಡ್ಡಿಯನ್ನು ಬೆರಳಿನಿಂದ ಇನ್ನಷ್ಟು ತಳ್ಳಲು ಬರುತ್ತದೆಯೇ ನೋಡಿದರೆ ಗೊತ್ತಾಗುತ್ತದೆ. ಸ್ವಿಚ್ಚನ್ನು ಬಿಚ್ಚುವುದು ಕಟ್ಟಕಡೆಯ ಉಪಾಯ. ಬಿಚ್ಚುವುದಾದರೆ ಎತ್ತರದ ಅಂಚಿನ ತಟ್ಟೆಯೊಳಗೆ ಬಿಚ್ಚಿ, ಪುಟ್ಟ ಸ್ಪ್ರಿಂಗ್‌ಗಳು ಹಾರುತ್ತವೆ. ಮರಳು ಕಾಗದ ಬೇಡವೇ ಬೇಡ, ಬೆಳ್ಳಿಯ ಲೇಪ ಕಿತ್ತುಬರುತ್ತದೆ.

ಸ್ವಿಚ್ ಸರಿಯಾದ ಮೇಲೂ ತೊಂದರೆ ಉಳಿದರೆ ಲಕ್ಷಣದಿಂದ ಕಾರಣಕ್ಕೆ ಹೋಗಿ. ಹಳೆಯದು ಅಳಿಸಿಲ್ಲ, ಹೊಸದು ಕ್ಷೀಣವಾಗಿ ಒಡೆದಂತೆ ಬಂದಿದೆ ಎಂದರೆ ಬಯಾಸ್ ಆಸಿಲೇಟರ್ ಓಡುತ್ತಿಲ್ಲ. ಹಳೆಯದು ಅಳಿಸಿದೆ, ಹೊಸದು ಬಂದೇ ಇಲ್ಲ ಎಂದರೆ ಆಸಿಲೇಟರ್ ಜೀವಂತವಾಗಿದೆ, ರೆಕಾರ್ಡ್ ಆಂಪ್ಲಿಫೈಯರ್ ಅಥವಾ ಹೆಡ್ಡಿನ ದಾರಿ ಕಡಿದಿದೆ. ಅಗ್ಗದ ಯಂತ್ರಗಳಲ್ಲಿ ಮಾತ್ರ ಈ ತರ್ಕ ನಡೆಯದು; ಅವುಗಳಲ್ಲಿ ಅಳಿಸುವುದು ಆಸಿಲೇಟರ್ ಅಲ್ಲ, ರೆಕಾರ್ಡ್ ಒತ್ತಿದಾಗ ಟೇಪಿಗೆ ತಾಗುವ ಒಂದು ಶಾಶ್ವತ ಅಯಸ್ಕಾಂತ. ಆಸಿಲೇಟರಿನ ಆವರ್ತನ ಸಾಮಾನ್ಯವಾಗಿ 60ರಿಂದ 100 ಕಿಲೋಹರ್ಟ್ಸ್ ಆಸುಪಾಸು. ಸಾದಾ ಮಲ್ಟಿಮೀಟರಿನ ಎಸಿ ಅಳತೆ ಅಷ್ಟು ಮೇಲಕ್ಕೆ ಮುಟ್ಟುವುದಿಲ್ಲ, ಟೇಪ್ ಅಳಿಸುವ ಎರೇಸ್ ಹೆಡ್ಡಿನಲ್ಲಿ ಅದು ಸೊನ್ನೆ ತೋರಿಸಿತೆಂದು ಟ್ರಾನ್ಸಿಸ್ಟರ್ ಕಿತ್ತರೆ ವ್ಯರ್ಥ. ಆಸಿಲೋಸ್ಕೋಪಿನ 10:1 ಪ್ರೋಬ್ ಬೇಕು. ಅದಿಲ್ಲದಿದ್ದರೆ ಆಸಿಲೇಟರಿಗೆ ಡಿಸಿ ವೋಲ್ಟೇಜ್ ತಲುಪುತ್ತಿದೆಯೇ ಎಂದಾದರೂ ನೋಡಿ. ಫ್ಯೂಸಿನಂತೆ ಕೆಲಸ ಮಾಡುವ ಸಣ್ಣ ರೆಸಿಸ್ಟರ್ ಒಳಗೇ ಕಡಿದುಹೋಗಿರುವುದು ಸಾಮಾನ್ಯ.

ಧ್ವನಿ ಬಂದರೂ ಮಂಕಾಗಿದ್ದರೆ ಮೊದಲು ಹೆಡ್ ಒರೆಸಿ, ಆಮೇಲೆ ಅಜಿಮತ್, ಅಂದರೆ ಟೇಪಿಗೆ ಹೆಡ್ ನಿಂತಿರುವ ಕೋನ ನೋಡಿ. ಹೆಡ್ಡಿನ ಒಂದು ಬದಿಯಲ್ಲಿ, ಸ್ಪ್ರಿಂಗ್ ಇರುವ, ಬಣ್ಣ ಬಳಿದ ಸ್ಕ್ರೂ ಅದರದು. ಮೊದಲಿನ ಸ್ಥಾನಕ್ಕೆ ಗುರುತು ಹಾಕಿಕೊಳ್ಳಿ. ಎರಡೂ ಚಾನೆಲ್ಲುಗಳನ್ನು ಮೊನೊ ಮಾಡಿ ಕೇಳುತ್ತ, ತೀಕ್ಷ್ಣ ಸ್ವರಗಳು ಅತಿ ಸ್ಪಷ್ಟವಾಗುವವರೆಗೆ ಕೂದಲೆಳೆಯಷ್ಟು ತಿರುಗಿಸಿ. ಹಳೆಯ ಟೇಪೊಂದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಆ ಟೇಪಿಗೆ ತಕ್ಕಂತೆ ತಿರುಗಿಸುವುದು ಸರಿಯೇ. ಆದರೆ ಅದೇ ಸ್ಥಿತಿಯಲ್ಲಿ ಹೊಸದಾಗಿ ರೆಕಾರ್ಡ್ ಮಾಡಿದರೆ ಆ ಟೇಪ್ ಬೇರೆ ಯಂತ್ರಗಳಲ್ಲಿ ಮಂಕಾಗಿ ಕೇಳುತ್ತದೆ. ರೆಕಾರ್ಡ್ ಮಾಡುವ ಮೊದಲು ಪರೀಕ್ಷಾ ಟೇಪಿಗೆ ಹೊಂದಿಸಿ ತನ್ನಿ. ಮಂಕುತನಕ್ಕೆ ಮದ್ದೆಂದು ಬಯಾಸ್ ತಗ್ಗಿಸುವವರಿದ್ದಾರೆ. ಧ್ವನಿ ಚುರುಕಾದಂತೆ ಕೇಳುವುದೇನೋ ನಿಜ, ಜೊತೆಗೆ ಒಡಕೂ ಬರುತ್ತದೆ.

ಹೆಡ್ಡಿನ ಅಯಸ್ಕಾಂತತೆ ತೆಗೆಯುವಾಗ ಯಂತ್ರ ಆಫ್ ಆಗಿರಲಿ, ಟೇಪುಗಳು ದೂರವಿರಲಿ. ಡಿಮ್ಯಾಗ್ನೆಟೈಸರನ್ನು ಒಂದು ಮೀಟರ್ ದೂರದಲ್ಲಿ ಹಾಕಿ, ನಿಧಾನ ಹತ್ತಿರ ತಂದು, ಅಷ್ಟೇ ನಿಧಾನವಾಗಿ ದೂರ ಒಯ್ದ ಮೇಲೆಯೇ ಆಫ್ ಮಾಡಿ. ಹತ್ತಿರವಿದ್ದಾಗ ಆಫ್ ಮಾಡಿದರೆ ಹೆಡ್ ಮೊದಲಿಗಿಂತ ಹೆಚ್ಚು ಅಯಸ್ಕಾಂತವಾಗುತ್ತದೆ.

ಎಲ್ಲ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನೂ ಒಂದೇ ದಿನ ಕಿತ್ತು ಬದಲಿಸುವ ಪದ್ಧತಿ ನಮಗೆ ಒಪ್ಪಿಗೆಯಿಲ್ಲ. ಮೂವತ್ತು ಬದಲಿಸಿದ ಮೇಲೆ ಹೊಸ ದೋಷ ಕಂಡರೆ ಅದು ಎಲ್ಲಿಂದ ಬಂತೆಂದು ಹೇಳುವುದು ಹೇಗೆ? ಪವರ್ ಸಪ್ಲೈಯಿಂದ ಶುರುಮಾಡಿ, ನಾಲ್ಕೈದು ಬದಲಿಸಿದಂತೆ ಓಡಿಸಿ ನೋಡಿ. ವೋಲ್ಟೇಜ್ ಮೂಲದಷ್ಟು ಅಥವಾ ಹೆಚ್ಚು, ತಾಪಮಾನ 105 ಡಿಗ್ರಿಯದು.

ಕೆಲವೊಮ್ಮೆ ದೋಷ ಯಂತ್ರದ್ದೇ ಅಲ್ಲ. 1970–80ರ ದಶಕಗಳ ಕೆಲವು ಸ್ಪೂಲ್ ಟೇಪುಗಳ ಅಂಟು ತೇವ ಹೀರಿ ಜಿಗುಟಾಗಿರುತ್ತದೆ. ಟೇಪ್ ಕಿರುಗುಟ್ಟುತ್ತದೆ, ಹೆಡ್ಡಿನ ಮೇಲೆ ಕಂದು ಕೆಸರು ಕೂರುತ್ತದೆ. ತಕ್ಷಣ ನಿಲ್ಲಿಸಿ. ಅಂಥವನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಎಂಟು ಗಂಟೆ ಅಥವಾ ಹೆಚ್ಚು ಹೊತ್ತು ಒಣಗಿಸುವ ಕ್ರಮವಿದೆ. ಅಡುಗೆಯ ಓವನ್ನಿನ ತಾಪ ಅಷ್ಟು ಸ್ಥಿರವಲ್ಲ, ಈ ಕೆಲಸವನ್ನು ಬಲ್ಲವರಿಗೆ ಬಿಡಿ. ಅಸಿಟೇಟ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಿನ ಟೇಪನ್ನಂತೂ ಕಾಯಿಸಲೇಬಾರದು. ಬೆಳಕಿಗೆ ಹಿಡಿದಾಗ ಸುತ್ತುಗಳ ಮೂಲಕ ಬೆಳಕು ಕಂಡರೆ ಅದು ಅಸಿಟೇಟ್.

ಕೊನೆಯ ಪರೀಕ್ಷೆಗೆ ಮೊದಲೇ ಧ್ವನಿ ತುಂಬಿದ ಹಳೆಯ ಕ್ಯಾಸೆಟ್ ಹಾಕಿ, ರೆಕಾರ್ಡ್ ಲೆವೆಲ್ ಸೊನ್ನೆಗಿಳಿಸಿ ಎರಡು ನಿಮಿಷ ರೆಕಾರ್ಡ್ ಮಾಡಿ. ಹೆಡ್‌ಫೋನಿನಲ್ಲಿ ಕೇಳಿದಾಗ ಟೇಪಿನ ಸುಯ್ಯೆನ್ನುವ ಸದ್ದು ಮಾತ್ರ ಇರಬೇಕು. ನಂತರ ಯಂತ್ರವನ್ನು ಒಂದು ಗಂಟೆ ಓಡಲು ಬಿಟ್ಟು ವೇಗವನ್ನೂ ಎರಡೂ ಚಾನೆಲ್ಲುಗಳ ಮಟ್ಟವನ್ನೂ ಮತ್ತೆ ಅಳೆಯಿರಿ. ತಣ್ಣಗಿದ್ದಾಗ ಅಡಗಿದ್ದ ಬಿರುಕು ಬೆಸುಗೆಗಳು ಬಿಸಿಯಾದ ಮೇಲೆ ಬಯಲಾಗುತ್ತವೆ.